ಜಾಲರಿ ಬಾಗಲಿಲ್ಲ

ನಾನು ನಿಂತಿದ್ದ ಜಾಗ ಇದು: ಗಂಗಾವತಿಯ ಬಸ್ ನಿಲ್ದಾಣದ ಹಿಂದಿನ ಗೇಟಿಗೆ ಎದುರಾಗಿದ್ದ ಖಾನಾವಳಿಯ ಒಳಗೆ, ಹೊಸ್ತಿಲಿನಿಂದ ನಾಲ್ಕು ಹೆಜ್ಜೆ, ಎಡಗೋಡೆಗೆ ಬೆನ್ನು ತಾಗಿಸಿ. ಒಲೆ ನನ್ನಿಂದ ಎರಡು ಮಾರು ದೂರದಲ್ಲಿತ್ತು. ನಡುವೆ ಯಾರೂ ಅಡ್ಡ ಇರಲಿಲ್ಲ. ಎಂಬತ್ತರ ದಶಕದ ಮಧ್ಯದ ಒಂದು ವರ್ಷ, ಶ್ರಾವಣದ ಕೊನೆಯ ಸೋಮವಾರ, ಮಧ್ಯಾಹ್ನ ಹನ್ನೆರಡು ಗಂಟೆ ಐದು ನಿಮಿಷ. ನಾನು ಆಗ ಗಡಿಯಾರ ನೋಡಲಿಲ್ಲ. ಆ ನಿಲ್ದಾಣದಲ್ಲಿ ಬಸ್ಸುಗಳು ಬಂದು ಹೋಗುವ ಹೊತ್ತನ್ನು ಬರೆದಿಡುವ ಕೆಲಸ ನನ್ನದು. ಅಂದು ವಾರದ ರಜೆಯಾದರೂ ಕಿವಿಗೆ ರಜೆ ಇರಲಿಲ್ಲ. ಹನುಮಸಾಗರದ ಬಸ್ಸನ್ನು ಹಿಂದಕ್ಕೆ ತೆಗೆಸುತ್ತಾ ಕಂಡಕ್ಟರ್ ಸೀಟಿ ಊದಿದ್ದು ಕೇಳಿಸಿತು. ಆ ಬಸ್ಸು ಹೊರಡುವುದು ಹನ್ನೆರಡು ಐದಕ್ಕೆ.

ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ಆ ಖಾನಾವಳಿ ನಡೆಸುತ್ತಿದ್ದ, ನಾವೆಲ್ಲ ಅಕ್ಕ ಎನ್ನುತ್ತಿದ್ದ ಹೆಂಗಸು ಹೋದ ವರ್ಷ ತೀರಿಕೊಂಡಳು. ಮಣ್ಣಿಗೆ ಹೋದಾಗ ಆಕೆಯ ಬಗ್ಗೆ ಎರಡು ಕಥೆ ಕೇಳಿದೆ. ಆಕೆ ಗ್ಯಾಸಿನ ಒಲೆಯ ಮೇಲೆ ಹತ್ತಿ ನಿಂತಾಗ ಅದರ ಜಾಲರಿ ಬಾಗಿ ಬಿದ್ದಳು, ಕಾಲು ಸುಟ್ಟುಕೊಂಡದ್ದೇ ಹಾಗೆ ಎಂದು ಒಬ್ಬ ಹೇಳುತ್ತಿದ್ದ. ಉರಿಯುವ ಬೆಂಕಿಯ ಮೇಲೆ ನಿಂತಿದ್ದಳು, ಒಂದು ಬೊಬ್ಬೆಯೂ ಏಳಲಿಲ್ಲ, ಮೈಮೇಲೆ ದೇವಿ ಬಂದಿದ್ದಳು ಎಂದು ಇನ್ನೊಬ್ಬಳು ಹೇಳುತ್ತಿದ್ದಳು. ಎರಡೂ ಸುಳ್ಳು ಎಂದೆ. ಮಣ್ಣು ಕೊಡುವ ಹೊತ್ತಿನಲ್ಲಿ ವಾದ ಬೇಡ ಎಂದರು. ಅಲ್ಲಿ ಸುಮ್ಮನಾದೆ. ಇಲ್ಲಿ ಆಗುವುದಿಲ್ಲ.

ಅಕ್ಕ ಯಲಬುರ್ಗಾ ಕಡೆಯ ಹಳ್ಳಿಯವಳು. ಗಂಡ ತೀರಿಕೊಂಡ ಮೇಲೆ ಗಂಗಾವತಿಗೆ ಬಂದು, ಆ ಓಣಿಯ ಸಾವ್ಕಾರರೊಬ್ಬರ ಕಟ್ಟಡದ ಮುಂಭಾಗವನ್ನು ಬಾಡಿಗೆಗೆ ಹಿಡಿದು ಖಾನಾವಳಿ ಹಾಕಿದಳು. ಜೋಳದ ರೊಟ್ಟಿ, ಬ್ಯಾಳಿ ಸಾರು, ಒಂದು ಪಲ್ಯ, ಅನ್ನ. ಡ್ರೈವರುಗಳು, ಕಂಡಕ್ಟರುಗಳು, ಅಕ್ಕಿ ಗಿರಣಿಯ ಹಮಾಲರು ಅಲ್ಲಿ ಉಣ್ಣುತ್ತಿದ್ದರು. ವಯಸ್ಸು ನೋಡದೆ ಎಲ್ಲರೂ ಆಕೆಯನ್ನು ಅಕ್ಕಾರ ಎಂದೇ ಕರೆಯುತ್ತಿದ್ದರು. ಮೊದಲು ಭತ್ತದ ಹೊಟ್ಟಿನ ಒಲೆ ಇತ್ತು. ಹೊಗೆ ತಾಳಲಾರದೆ ಆಕೆ ಡ್ಯಾಮಿನ ಕಡೆ ಮುಚ್ಚಿಹೋಗಿದ್ದ ಒಂದು ಕ್ಯಾಂಟೀನಿನಿಂದ ಹಳೆಯ ಗ್ಯಾಸ್ ಒಲೆಯೊಂದನ್ನು ತಂದಳು. ನಾಲ್ಕು ಕಬ್ಬಿಣದ ಕಾಲು, ಎರಡು ಬರ್ನರ್, ದೊಡ್ಡ ಪಾತ್ರೆ ಕೂರಲು ಮೇಲೆ ಸರಳುಗಳ ಜಾಲರಿ.

ಅದಕ್ಕೆ ಆಕೆ ಮಣ್ಣಿನ ಒಲೆಗೆ ಕೊಡುವ ಮರ್ಯಾದೆಯನ್ನೇ ಕೊಟ್ಟಳು. ದಿನಾ ಬೆಳಗ್ಗೆ ಮೊದಲ ಚಹಾ ಆದ ಮೇಲೆ ಕೆಮ್ಮಣ್ಣು, ಸೆಗಣಿ ಕಲಸಿ ಮೈಯೆಲ್ಲ ಸಾರಿಸಿ, ವಿಭೂತಿ, ಕುಂಕುಮ ಹಚ್ಚಿ ಕೈಮುಗಿದು ರೊಟ್ಟಿಗೆ ಕೂರುತ್ತಿದ್ದಳು. ಗ್ಯಾಸಿನ ಒಲೆಗೆ ಸಾರಿಸಬಾರದು ಎಂದು ನಮಗ್ಯಾರಿಗೂ ಹೊಳೆಯಲಿಲ್ಲ. ನಮ್ಮ ಮನೆಯಲ್ಲಿ ಆ ಒಲೆ ಇದ್ದಿದ್ದರೆ ನನ್ನ ತಾಯಿಯೂ ಸಾರಿಸುತ್ತಿದ್ದಳು.

ಆಷಾಢದ ಒಂದು ಮಧ್ಯಾಹ್ನ ನಾನು ಒಲೆಗೆ ಹತ್ತಿರದ ಮಣೆಯ ಮೇಲೆ ಕೂತು ಉಣ್ಣುತ್ತಿದ್ದೆ. ಜಾಲರಿಯ ಸರಳುಗಳು ಎಷ್ಟೋ ದಿನದಿಂದ ನಡುವೆ ಜೋಲಿದ್ದವು. ಕಾಯ್ದು ಕಾಯ್ದು ಪದರು ಪದರಾಗಿ ಉದುರಿ ಸಣ್ಣಗಾಗಿದ್ದವು. ದಿನಾ ನೋಡುವ ವಸ್ತು ಹಾಳಾಗುವುದು ಕಣ್ಣಿಗೆ ಕಾಣುವುದಿಲ್ಲ. ಕಬ್ಬಿಣದ ಮೇಲೆ ಪಾತ್ರೆಯ ತಳ ಉಜ್ಜಿದ ಸದ್ದು ಬಂತು. ಸಾರಿನ ಬೋಗುಣಿ ವಾಲಿ, ಕುದಿಯುವ ಬ್ಯಾಳಿ ಸಾರು ಅಕ್ಕನ ಎಡಗಾಲಿನ ಮೇಲೆ ಸುರಿಯಿತು. ಮೊದಲು ಎದ್ದವನು ಒಬ್ಬ ಹಮಾಲ. ಎರಡನೆಯವಳು ಬಾಗಿಲ ಬಳಿ ಕೂತು ಹೂವು ಮಾರುತ್ತಿದ್ದ ಹೆಂಗಸು. ನಾನು ಮೂರನೆಯವನು. ನನ್ನ ಕೈಯಲ್ಲಿ ತುತ್ತಿತ್ತು, ಅದನ್ನು ತಾಟಿನಲ್ಲಿ ಇಟ್ಟು ಎದ್ದೆ. ಆ ಉಜ್ಜಿದ ಸದ್ದು ಇವತ್ತಿಗೂ ಎಲ್ಲಿ ಕೇಳಿದರೂ ನನ್ನ ಕೈ ನಿಲ್ಲುತ್ತದೆ.

ಅಂದರೆ ಕಾಲು ಸುಟ್ಟದ್ದು ಆಷಾಢದಲ್ಲಿ. ಒಲೆ ಹತ್ತಿ ನಿಂತದ್ದು ಶ್ರಾವಣದಲ್ಲಿ. ಮೊದಲ ಸುಳ್ಳು ಇಲ್ಲಿಗೆ ಮುಗಿಯಿತು.

ನಾಲ್ಕನೇ ದಿನ ಸಾವ್ಕಾರರು ಬಂದರು. ಸುಟ್ಟ ಕಬ್ಬಿಣ ಮತ್ತೆ ಕಬ್ಬಿಣವಾಗುವುದಿಲ್ಲ, ಇವತ್ತು ಕಾಲು, ನಾಳೆ ತಮ್ಮ ಮಾಳಿಗೆ, ಶ್ರಾವಣ ಮುಗಿಯುವುದರೊಳಗೆ ಜಾಗ ಬಿಡಬೇಕು ಎಂದರು. ಆ ಜಾಗದ ಮೇಲೆ ಅವರ ಭಾವಮೈದುನನ ಕಣ್ಣಿತ್ತು ಎಂಬುದು ಓಣಿಗೆಲ್ಲ ಗೊತ್ತಿತ್ತು. ಅವರಿಗೆ ಬೆಂಕಿಯ ಭಯ ಇದ್ದದ್ದೂ ನಿಜ. ಕಾಲಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ದ ಅಕ್ಕ, ಒಲೆ ನೆಟ್ಟಗಾದರೆ ಇರಬಹುದೋ ಎಂದು ಕೇಳಿದಳು. ಹಿರಿಯರ ಮುಂದೆ ತೋರಿಸಿದರೆ ಇರು ಎಂದು ಅವರು ಹೇಳಿ ಹೋದರು. ಹಿರಿಯರು ಎಂದರೆ ಅದೇ ಓಣಿಯ ನಿವೃತ್ತ ಮಾಸ್ತರು. ಹೊಸ ಒಲೆ ಆಕೆಯ ಕೈಗೆಟುಕುವ ಮಾತಾಗಿರಲಿಲ್ಲ. ಬೇರೆ ಕಡೆ ಹೋದರೆ ಬಸ್ಸಿನವರ ಊಟ ಹೋಗುತ್ತಿತ್ತು.

ಜಾಲರಿಯಷ್ಟೇ ಅಲ್ಲ, ಬರ್ನರೂ ಒಡೆದಿತ್ತು. ಪೇಟೆಯ ವೆಲ್ಡಿಂಗ್ ಅಂಗಡಿಯವರು ಅದನ್ನು ನೋಡಿ ಆಗುವುದಿಲ್ಲ ಎಂದರು. ಕೊಪ್ಪಳದ ರಸ್ತೆಯ ಹಳ್ಳಿಯೊಂದರ ಮುದಿ ಕಮ್ಮಾರನನ್ನು ಕರೆತಂದವನು ನಾನು. ಆಯುಷ್ಯವಿಡೀ ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಏರಿಸಿದವನು. ಟೈರಿನ ಬಂಡಿ ಬಂದ ಮೇಲೆ ಅವನ ಕುಲುಮೆಯಲ್ಲಿ ಕುಡಗೋಲು, ಕಳೆ ಕೀಳುವ ಕುರ್ಚಿಗೆಗಳಷ್ಟೇ ಉಳಿದಿದ್ದವು. ಅವನು ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಸರಳಿಗೆ ಸಣ್ಣ ಸುತ್ತಿಗೆ ತಾಗಿಸಿ ಕಿವಿಗೊಟ್ಟ. ಆಮೇಲೆ ಬರ್ನರ್ ಎತ್ತಿ ಬೆಳಕಿಗೆ ಹಿಡಿದ.

"ಇದಕ್ಕ ಸೆಗಣಿ ಬಳದಾರ ಯಾರು?"

"ನಾನ. ಒಲಿ ಅಲ್ಲೇನು ಅದು?" ಎಂದಳು ಅಕ್ಕ.

ಅವನು ನಕ್ಕು ನಕ್ಕು ಕೆಮ್ಮಿದ. "ಒಲಿ ಹೌದವ್ವ. ಆದ್ರ ಮಣ್ಣಿಂದಲ್ಲ, ಬೀಡು ಕಬ್ಬಿಣ. ಕಾಯ್ದ ಬೀಡಿಗೆ ಹಸಿ ತಾಗಿದ್ರ ಸೀಳತೈತಿ. ನೀ ಪೂಜಿ ಮಾಡಿ ಮಾಡೇ ಒಡದೀ ಇದನ್ನ."

ಜಾಲರಿಯ ರೋಗ ಬೇರೆ ಎಂದ. ಹಿಂದೆ ಮಾಡಿದವನು ಸರಳುಗಳ ಎರಡೂ ತುದಿಯನ್ನು ಚೌಕಟ್ಟಿಗೆ ಬೆಸೆದುಬಿಟ್ಟಿದ್ದ. ಕಾಯ್ದ ಕಬ್ಬಿಣ ಉದ್ದವಾಗುತ್ತದೆ. ಉದ್ದವಾಗಲು ಜಾಗ ಸಿಗದಿದ್ದರೆ ಬಾಗುತ್ತದೆ. ಕೆಂಪಗೆ ಕಾಸಿದ ಪಟ್ಟಿ ಹಿಗ್ಗಿ ಗಾಲಿಯ ಮೇಲೆ ಕೂರುವುದನ್ನೂ, ನೀರು ಹೊಯ್ದ ಕೂಡಲೇ ಕುಗ್ಗಿ ಬಿಗಿಯುವುದನ್ನೂ ಸಾವಿರ ಸಲ ಕಂಡವನಿಗೆ ಇದು ಓದಿ ತಿಳಿಯಬೇಕಾದ ವಿಷಯವಾಗಿರಲಿಲ್ಲ. ಪೇಟೆಯ ಸರಳು ಬೇಡ, ಬಂಡಿಯ ಹಳೆಯ ಪಟ್ಟಿ ತಾ ಎಂದ.

ಅಕ್ಕನ ತವರಿನಲ್ಲಿ ತಮ್ಮ ಟೈರಿನ ಬಂಡಿ ಮಾಡಿಸಿಕೊಂಡಿದ್ದ. ಹಳೆಯ ಗಾಲಿಯ ಪಟ್ಟಿ ಗೋಡೆಗೆ ಒರಗಿತ್ತು. ಸುಟ್ಟ ಕಾಲಿನಲ್ಲೇ ಹೋಗಿ, ಯಲಬುರ್ಗಾ ಬಸ್ಸಿನ ಮೇಲೆ ಅದನ್ನು ಹಾಕಿಸಿಕೊಂಡು ಬಂದಳು. ಇಳಿಸುವಾಗ ನಾನು ಕೆಲಸದ ಮೇಲಿದ್ದೆ. ಕಂಡಕ್ಟರ್ ಮೇಲಿನಿಂದಲೇ, "ಪಟ್ಟಿ ಬಂತು, ಬಂಡಿ ಎಲ್ಲೈತ್ರಿ ಅಕ್ಕಾರ?" ಎಂದು ಕೇಳಿದ. "ಹಿಂದ ಬರಾಕತ್ತೈತಿ, ನಿನ್ನ ಬಸ್ಸಿಗಿಂತ ಮೊದಲ ಮುಟ್ಟತಿತ್ತು, ಪಾಪ ಅಂತ ಬಿಟ್ಟೆ," ಎಂದಳು.

ಕಮ್ಮಾರ ಪಟ್ಟಿಯನ್ನು ಛೇಣಿಯಿಂದ ಕಡಿದು, ಕಾಸಿ ನೆಟ್ಟಗೆ ಮಾಡಿ ಒಂಬತ್ತು ತುಂಡು ಮಾಡಿದ. ಮಲಗಿಸಲಿಲ್ಲ. ಒಂದೊಂದನ್ನೂ ಅಂಚಿನ ಮೇಲೆ ನಿಲ್ಲಿಸಿದ. ಒಂದು ತುದಿಯನ್ನು ಗಟ್ಟಿಯಾಗಿ ಕೂಡಿಸಿ, ಇನ್ನೊಂದನ್ನು ಚೌಕಟ್ಟಿನಲ್ಲಿ ಕೊರೆದ ತೋಡಿನಲ್ಲಿ ಸಡಿಲಾಗಿ ಕೂರಿಸಿದ. ಬರ್ನರಿನ ಬಿರುಕಿಗೆ ಬಿಳಿಗಾರ ಹಾಕಿ ಹಿತ್ತಾಳೆ ಕರಗಿಸಿ ಬೆಸೆದ, ಮಣ್ಣು ತುಂಬಿದ್ದ ತೂತುಗಳನ್ನು ತಂತಿಯಿಂದ ಒಂದೊಂದಾಗಿ ಬಿಡಿಸಿದ. ಸಾರಿಸುವುದಿದ್ದರೆ ನೆಲಕ್ಕೆ ಸಾರಿಸು ಎಂದ.

ಇನ್ನು ಆ ಸೋಮವಾರ. ಎಂಟೂಕಾಲಿಗೆ, ಕುಷ್ಟಗಿ ಬಸ್ಸು ಹೋದ ಮೇಲೆ, ಗ್ಯಾಸ್ ಸೋರುತ್ತದೋ ನೋಡಲು ಅಂಟವಾಳದ ನೊರೆಯನ್ನು ಕೊಳವೆಯ ಕೂಡುಗಳಿಗೆಲ್ಲ ಹಚ್ಚಿದರು. ಗುಳ್ಳೆ ಏಳಲಿಲ್ಲ. ಮಾಸ್ತರು ಕನ್ನಡಕ ಒರೆಸಿಕೊಂಡು ತಾವೇ ನೋಡಿದರು. ಅಕ್ಕ ಒಲೆ ಹಚ್ಚಿ, ಇದ್ದುದರಲ್ಲಿ ದೊಡ್ಡ ಹಂಡೆ ಇಟ್ಟು ಹತ್ತು ಕೊಡ ನೀರು ಸುರಿದಳು. ಹತ್ತೂವರೆಗೆ ಯಲಬುರ್ಗಾ ಬಸ್ಸು ಹೊರಡುವವರೆಗೂ ಅದು ಕುದಿಯಿತು. ಒಲೆ ಆರಿಸಿದ ಮೇಲೆ ನಾಲ್ವರು ಹಮಾಲರು ಹಂಡೆಯನ್ನು ಬಿದಿರಿಗೆ ಕಟ್ಟಿ ಇಳಿಸಿ ಕೆಲಸಕ್ಕೆ ಹೋದರು. ಕಮ್ಮಾರ ಪ್ರತಿ ಪಟ್ಟಿಯ ಮೇಲೂ ಹುರಿ ಎಳೆದು ಹಿಡಿದ. ಹುರಿಗೂ ಕಬ್ಬಿಣಕ್ಕೂ ನಡುವೆ ಸಂದಿರಲಿಲ್ಲ. ಸಾವ್ಕಾರರಿಗಾಗಿ ಕಾದೆವು.

ಅವರು ಬಂದದ್ದು ಹನ್ನೊಂದೂ ಮುಕ್ಕಾಲಿಗೆ. ಮಾಸ್ತರು ಆದದ್ದನ್ನೆಲ್ಲ ಹೇಳಿದರು. ಸಾವ್ಕಾರರು ಕೇಳುತ್ತಲೇ ಜಾಲರಿ ಹಿಡಿದು ಅಲ್ಲಾಡಿಸಿದರು. ಒಂಬತ್ತು ಪಟ್ಟಿಯೂ ಗಲಗಲ ಎಂದವು.

"ಇದೇನೋ ಮುದಕಾ, ಒಲಿ ಮಾಡೀಯೋ, ಎತ್ತಿನ ಕೊಳ್ಳಗಂಟಿ ಮಾಡೀಯೋ?"

"ಸಡಲ ಇರಬೇಕ್ರಿ ಸಾವ್ಕಾರ್ರ. ಕಾಯ್ದಾಗ ಹಿಗ್ಗಾಕ ಜಾಗ ಬಿಟ್ಟೀನಿ."

"ಕೆಲಸ ಬರಲಾರದಂವಗ ಮಾತು ಭಾಳ ಬರತಾವ."

ಕೊಪ್ಪಳದ ಸ್ಟೇಷನ್ನಿನಲ್ಲಿ ರೈಲಿನ ಹಳಿಗಳ ನಡುವೆಯೂ ಸಂದು ಬಿಟ್ಟಿರುತ್ತಾರೆ ಎಂದು ನಾನು ಬಾಯಿ ಹಾಕಿದೆ. "ನೀ ಬಸ್ಸಿನಂವ, ರೈಲಿನ ಉಸಾಬರಿ ನಿನಗ್ಯಾಕ?" ಎಂದರು. ಹೂವಿನವಳೂ ನಕ್ಕಳು. ಆದರೆ ಆ ಗಲಗಲ ಸದ್ದು ಮಾಸ್ತರ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ನೋಡಿದ್ದನ್ನು ನೋಡಿದ್ದೇನೆ, ಆದರೂ ಸಡಿಲು ಸಡಿಲೇ ಅಲ್ಲವೇ ಎಂದು ರಾಗ ಎಳೆಯತೊಡಗಿದರು. ಖಾನಾವಳಿ ಕೈಬಿಟ್ಟು ಹೋಗುವುದನ್ನು ನಾನು ಅವರ ಮುಖದಲ್ಲಿ ಕಂಡೆ. ಅಕ್ಕನೂ ಕಂಡಳು.

ಆಕೆ ಸಿಲಿಂಡರಿನ ಕೀಲಿಯನ್ನು ಇನ್ನೊಮ್ಮೆ ತಿರುವಿ ಬಂದ್ ಆಗಿದೆಯೇ ನೋಡಿದಳು. ತಣ್ಣಗಾಗೈತೇನು ಕಾಕಾ ಎಂದಳು. ಕಮ್ಮಾರ ಜಾಲರಿಯ ಮೇಲೆ ಅಂಗೈ ಊರಿ ಹಿಡಿದ. ಮನಸ್ಸಿನಲ್ಲಿ ಎಣಿಸಿದೆ, ಹತ್ತರವರೆಗೂ ತೆಗೆಯಲಿಲ್ಲ. ಆಗೈತಿ ಎಂದ. ಎರಡನೆಯ ಸುಳ್ಳಿಗೆ ಇದು ಉತ್ತರ. ಬೆಂಕಿ ಇರಲಿಲ್ಲ. ಕಬ್ಬಿಣ ತಣ್ಣಗಿತ್ತು.

ಅಕ್ಕ ಎಡಗಾಲಿನ ಬಟ್ಟೆ ಬಿಚ್ಚಿದಳು. ಹೊಸ ಚರ್ಮ ಆಗಷ್ಟೇ ಕೂಡುತ್ತಿತ್ತು. ಜಾಲರಿಯನ್ನು ಎರಡೂ ಕೈಯಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ತಗ್ಗಿದ ದನಿಯಲ್ಲಿ, "ತಪ್ಪಾತವ್ವ, ಇದೊಂದ್ ಸಲ," ಎಂದಳು. ಮಣೆಯ ಮೇಲೆ ಕಾಲಿಟ್ಟು, ಮೊದಲು ಬಲಗಾಲು, ಆಮೇಲೆ ಎಡಗಾಲು ಊರಿ ಒಲೆಯ ಮೇಲೆ ನಿಂತಳು. ತುಂಬಿದ ಕೊಡ ಕೊಡು ಎಂದು ಹೂವಿನವಳಿಗೆ ಕೈ ಚಾಚಿದಳು. ಪಟ್ಟಿಗಳು ಒಮ್ಮೆ ಸದ್ದು ಮಾಡಿ ಸುಮ್ಮನಾದವು. ಹನುಮಸಾಗರದ ಬಸ್ಸಿನ ಸೀಟಿ ಕೇಳಿಸಿದ್ದು ಆಗ.

ಒಲೆಯನ್ನು ಕಾಲಿನಿಂದ ಸೋಕಿದರೂ ಮುಟ್ಟಿ ನಮಸ್ಕರಿಸುವ ಜನ ನಾವು. ಮಾಸ್ತರು ಎದ್ದು ನಿಂತರು.

"ಇಳಿಯವ್ವ, ಒಲಿ ಅದು."

"ಗೊತ್ತೈತ್ರಿ ಮಾಸ್ತರ್ರ. ದಿನಾ ಕೈ ಮುಗಿಯಾಕಿ ನಾನ. ಸಾವ್ಕಾರ್ರು ತಮ್ಮ ಕೈಲೆ ಹುರಿ ಹಿಡದು ನೋಡ್ಲಿ. ಬಗ್ಗಿತ್ತಂದ್ರ ಇವತ್ತ ಜಾಗ ಬಿಡತೀನಿ. ಬಗ್ಗಿಲ್ಲಂದ್ರ ಇಳೀತೀನಿ."

ಸಾವ್ಕಾರರು ಮುಟ್ಟಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ಬಾಗಿಲ ಕಡೆ ನೋಡುತ್ತಾ ನಿಂತರು. ಕಮ್ಮಾರ ಹುರಿಯನ್ನು ಅವರ ಮುಂದೆ ಚಾಚಿಕೊಂಡೇ ಇದ್ದ. ಅಕ್ಕನ ಎಡಗಾಲು ನಡುಗತೊಡಗಿತು. ಮೊದಲು ಹೆಬ್ಬೆರಳು, ಆಮೇಲೆ ಮೊಣಕಾಲಿನವರೆಗೆ. ಕೊಡದ ನೀರು ತುಳುಕಿ ಸೀರೆ ನೆನೆದು ಬರ್ನರಿನ ಮೇಲೆ ಹನಿಯಿತು. ಇಳಿದರೆ ಸಾಕು ಎಂದು ನಾನು ಮನಸ್ಸಿನಲ್ಲಿ ಬೇಡಿಕೊಂಡೆ. ಈಗಲೂ ಆ ಬೇಡಿಕೆಗೆ ನಾಚುತ್ತೇನೆ. ಆಕೆ ಇಳಿಯಲಿಲ್ಲ.

ಕೊಪ್ಪಳದ ಬಸ್ಸು ನಿಲ್ದಾಣಕ್ಕೆ ಬಂತು. ಅಂದರೆ ಹನ್ನೆರಡು ಇಪ್ಪತ್ತು. ಆಗ ಸಾವ್ಕಾರರು ಹುರಿ ತೆಗೆದುಕೊಂಡು, ಧೋತರ ಎತ್ತಿ ಕಟ್ಟಿ, ಮೊಣಕಾಲೂರಿದರು. ಆಕೆಯ ಪಾದಗಳ ನಡುವಿನ ಪಟ್ಟಿಗೆ ಹುರಿ ಎಳೆದು ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರು. ಪಕ್ಕದ ಪಟ್ಟಿಗೂ ಹಿಡಿದರು.

"ಬಗ್ಗಿಲ್ಲ," ಎಂದರು.

ಅಕ್ಕ ಕೊಡವನ್ನು ಹೂವಿನವಳಿಗೆ ಕೊಟ್ಟು, ಕಮ್ಮಾರನ ಹೆಗಲು ಹಿಡಿದು ಇಳಿದಳು. ಒಲೆಯನ್ನು ತೊಳೆದು ಒರೆಸಿ, ಕುಂಕುಮ ಹಚ್ಚಿ, ಹೊಸದಾಗಿ ಹೊತ್ತಿಸಿ ಚಹಾಕ್ಕಿಟ್ಟಳು. ಸಾವ್ಕಾರರು ಕುಡಿಯದೆ ಹೋದರು. ಮಾಸ್ತರು ಕುಡಿದರು.

ಒಲೆ ತುಳಿದವಳ ಕೈಯ ಊಟ ಬೇಡ ಎಂದು ಹಲವರು ಬರುವುದನ್ನು ಬಿಟ್ಟರು. ಕೆಲವರು ಹೊಟ್ಟೆ ಹಸಿದ ಮೇಲೆ ತಿರುಗಿ ಬಂದರು, ಕೆಲವರು ಬರಲೇ ಇಲ್ಲ. ಅದನ್ನೂ ಮುಚ್ಚಿಡುವುದಿಲ್ಲ. ನನಗೆ ಬೇರೆ ಊರಿಗೆ ವರ್ಗವಾಗುವವರೆಗೂ ಆ ಜಾಲರಿಯ ಮೇಲೆ ಕುದ್ದ ಸಾರನ್ನೇ ಉಂಡೆ. ಅಕ್ಕ ಆ ಜಾಗವನ್ನು ಬಿಟ್ಟದ್ದು ಎಷ್ಟೋ ವರ್ಷಗಳ ಮೇಲೆ, ತನಗೆ ಬೇಕಾದಾಗ.

ದೇವಿ ಎನ್ನುವವರಿಗೆ ಒಂದು ಮಾತು. ದೇವಿಯಾಗಿದ್ದರೆ ಕಾಲು ನಡುಗುತ್ತಿರಲಿಲ್ಲ. ಅಕ್ಕ ಹದಿನೈದು ನಿಮಿಷ ನಿಂತಳು, ಕಾಲು ನಡುಗಿತು, ನಾನು ಎರಡು ಮಾರು ದೂರದಿಂದ ಕಂಡಿದ್ದೇನೆ. ಜಾಲರಿಯನ್ನು ನಿಲ್ಲಿಸಿದ್ದು ಆ ಮುದುಕನ ಕೈಕೆಲಸ. ಅವರಿಬ್ಬರಿಗೆ ಸಲ್ಲಬೇಕಾದದ್ದನ್ನು ಒಯ್ದು ದೇವರ ಮುಂದೆ ಇಡಲು ನಾನು ಬಿಡುವುದಿಲ್ಲ.

ಕಮ್ಮಾರ ಇಲ್ಲ. ಮಾಸ್ತರೂ ಇಲ್ಲ. ಕಂಡವರಲ್ಲಿ ಈಗ ಉಳಿದವರು, ನನ್ನನ್ನು ಬಿಟ್ಟರೆ, ಇಬ್ಬರು. ಹೂವು ಮಾರುತ್ತಿದ್ದವಳು ಮರಳಿ ಎಂಬ ಊರಿನಲ್ಲಿ ಮಗಳ ಮನೆಯಲ್ಲಿದ್ದಾಳೆ. ಕಣ್ಣು ಮಂಜಾಗಿದೆ, ಕೊಡ ಎತ್ತಿಕೊಟ್ಟದ್ದು ನೆನಪಿದೆ. ಇನ್ನೊಬ್ಬರು ಸಾವ್ಕಾರರು. ಎಂಬತ್ತು ದಾಟಿದೆ, ಸಂಜೆ ಮನೆಯ ಮುಂದಿನ ಕಟ್ಟೆಯ ಮೇಲೆ ಕೂರುತ್ತಾರೆ, ಕಿವಿ ಚೆನ್ನಾಗಿ ಕೇಳುತ್ತದೆ, ಹೋಗಿ ಕೇಳಿ. ಹುರಿ ಹಿಡಿದದ್ದು ಅವರ ಕೈ.