ಕನ್ನಡಿ ಮೇಸ್ತ್ರಿ ಹೊಳಪು ಬಿಟ್ಟಿದ್ದು

ನಮ್ಮ ಮಾವನಿಗೆ ಬೀದಿಯಲ್ಲೆಲ್ಲ ಕನ್ನಡಿ ಮೇಸ್ತ್ರಿ ಅಂತಲೇ ಹೆಸರು. ಅವರು ಬಣ್ಣ ಹೊಡೆದ ಕಾರಿನ ಬಾನೆಟ್ ನೋಡಿಕೊಂಡು ತಲೆ ಬಾಚಬಹುದು ಅನ್ನುತ್ತಿದ್ದರು ಜನ; ಎದುರಂಗಡಿ ಟೈಲರ್ ನಿಜವಾಗಿಯೂ ಬಾಚಿಕೊಳ್ಳುತ್ತಿದ್ದ. ಎಂಥ ಮುದಿ ಕಾರೇ ಬಂದು ನಿಲ್ಲಲಿ, ಮಾವ ಅದರ ಹಳೇ ಬಣ್ಣವನ್ನು ತಗಡು ಕಾಣುವವರೆಗೆ ಕೆರೆದು, ತಗ್ಗು ತುಂಬಿ, ಉಜ್ಜಿ, ಹೊಸದಾಗಿ ಬಣ್ಣ ಹೊಡೆದು, ಷೋರೂಮಿನಿಂದ ಈಗಷ್ಟೇ ಇಳಿದಂತೆ ಮಾಡಿ ಕಳಿಸುತ್ತಿದ್ದರು. ನನ್ನ ಮುಖಾನೂ ಇವರ ಕೈಗೆ ಕೊಡಬೇಕಿತ್ತು ಅನ್ನುವುದು ಅತ್ತೆಯ ಹಳೇ ತಮಾಷೆ. ಕೆರೆಯುವಾಗ ಬಾಯಿ ಮುಚ್ಚಿಕೊಂಡಿರಬೇಕು, ಅದು ನಿನ್ನ ಕೈಲಾಗಲ್ಲ ಅನ್ನುವುದು ಮಾವನ ಅಷ್ಟೇ ಹಳೇ ಉತ್ತರ.

ಶೆಡ್ಡು ಕೆಳಗೆ, ನಾವು ಮೇಲೆ. ನಾನು ಈ ಮನೆಗೆ ಬಂದಾಗಿನಿಂದ ಬಣ್ಣಕ್ಕೆ ಬೆರೆಸುವ ತಿನ್ನರ್ ವಾಸನೆಗೆ ಕಿಟಕಿ ಮುಚ್ಚುವುದೇ ಒಂದು ಕೆಲಸ. ಬಸುರಿಯಾಗಿದ್ದಾಗಲಂತೂ ಫೋನಿನಲ್ಲಿ ಏನೇನೋ ಓದಿ ಕಂಗಾಲಾಗಿದ್ದೆ. ನೀನು ಗಾಳಿಗೂ ಹೆದರುವವಳು ಅಂತ ಗಂಡ ನಗುತ್ತಿದ್ದರು. ಆ ಗಾಳಿಯೇ ಕೊನೆಗೆ ಮಾವನನ್ನು ಹಿಡಿಯಿತು. ಕೆಮ್ಮು ಬಿಡಲೊಲ್ಲದೆ ಆಸ್ಪತ್ರೆಗೆ ಕರೆದುಕೊಂಡು ಹೋದರೆ, ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಹೇಳಿದ್ದು ಇಷ್ಟೇ: ಸ್ಪ್ರೇ ಗನ್ ಮತ್ತೆ ಮುಟ್ಟಿದರೆ ಮುಂದೆ ಉಸಿರಿಗೂ ಸಿಲಿಂಡರ್ ಬೇಕಾಗುತ್ತದೆ. ಮಾಸ್ಕು ಹಾಕ್ಕೊಂಡು ಹೊಡೀತೀನಿ ಅಂದರು ಮಾವ. ಮಾಸ್ಕಿನ ಕಾಲ ಮುಗೀತು ಅಂದರು ಡಾಕ್ಟರು.

ಮಾವ ಬಾಲ್ಕನಿಯ ಕುರ್ಚಿ ಹಿಡಿದರು. ಮೊದಮೊದಲು ರಸ್ತೆಯಲ್ಲಿ ಹೋಗುವ ಕಾರುಗಳ ಬಣ್ಣಕ್ಕೆ ತಪ್ಪು ಹುಡುಕುತ್ತಿದ್ದರು. ಬರಬರುತ್ತಾ ಅದನ್ನೂ ಬಿಟ್ಟರು. ತಟ್ಟೆಯಲ್ಲಿ ಅರ್ಧ ಹಾಗೇ ಉಳಿಯುತ್ತಿತ್ತು. ಮೊಮ್ಮಗಳು ತೊಡೆ ಹತ್ತಿದರೂ ಕೈ ಎತ್ತಿ ಹಿಡಿಯುವುದಕ್ಕೆ ಮನಸ್ಸಿಲ್ಲ. ನನಗೆ ಎರಡು ಕಡೆಯಿಂದಲೂ ದಿಗಿಲು: ಗನ್ ಮುಟ್ಟಿದರೆ ಎದೆ ಹೋಗುತ್ತದೆ, ಮುಟ್ಟದಿದ್ದರೆ ಮನುಷ್ಯರೇ ಹೋಗುವಂತಿದ್ದರು. ಒಂದು ದಿನ ಶೆಡ್ಡಿನಲ್ಲಿ ಗನ್ ಕೈಯಲ್ಲಿ ಹಿಡಿದು ನಿಂತಿದ್ದರು. ಧೂಳು ಒರೆಸ್ತಿದ್ದೆ ಅಂದರು, ನನ್ನ ಮುಖ ನೋಡದೆ.

ಹೆಡ್‌ಮಿಸ್ಟ್ರೆಸ್ಸು ಬಂದದ್ದು ಆಗ. ನಿವೃತ್ತರು, ಆದರೆ ದನಿಗೆ ನಿವೃತ್ತಿಯಾಗಿರಲಿಲ್ಲ. ತೀರಿಹೋದ ಯಜಮಾನರು ಕೊಂಡಿದ್ದ ಕಾರನ್ನು ಸ್ವತಃ ಓಡಿಸಿಕೊಂಡು ಬಂದಿದ್ದರು. ಪಾರಿವಾಳದ ಬಣ್ಣದ್ದು. ಕೊಂಡ ದಿನದ ಬಣ್ಣವೇ, ಮೇಲೆ ಇನ್ನೊಂದು ಕೈ ಬಿದ್ದಿಲ್ಲ. ಮೈಯೆಲ್ಲ ಮಂಕಾಗಿತ್ತು, ಮಡ್‌ಗಾರ್ಡಿನ ಮೇಲೆ ಕೂದಲೆಳೆಯಂಥ ಬಿರುಕು, ಡ್ರೈವರ್ ಕಡೆ ಕಿಟಕಿಯ ಅಂಚಿನಲ್ಲಿ ಮೊಣಕೈ ಊರಿ ಊರಿ ಬಣ್ಣವೇ ಸವೆದಿತ್ತು. ಮಗುವನ್ನು ಸೊಂಟಕ್ಕೇರಿಸಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದೆ. ಬಣ್ಣ ಹೊಡೆಯುವುದನ್ನು ಬಿಟ್ಟಿದ್ದೇನೆ ಅಂತ ಮಾವ ಶುರುಮಾಡುವ ಮೊದಲೇ ಆಕೆ, ಹೊಡೆಯುವುದೇ ಬೇಡ, ಈಗಿರುವುದು ಇನ್ನಷ್ಟು ಹಾಳಾಗದಂತೆ ನೋಡಿಕೊಟ್ಟರೆ ಸಾಕು ಅಂದರು.

ಮಾವನಿಗೆ ಅದು ಅವಮಾನದಂತೆ ಕೇಳಿಸಿತು. "ಹಳೇದು ಹಳೇದಾಗೇ ಇರ್ಬೇಕು ಅಂದ್ರೆ ಮೇಸ್ತ್ರಿ ಯಾಕೆ ಮೇಡಂ? ಮನೇಲೇ ಒರೆಸ್ಕೋಬಹುದಲ್ಲ."

"ಹೊಸ ಬಣ್ಣ ನಾಳೆ ಬೇಕಾದ್ರೂ ಹೊಡೀಬಹುದು ಮೇಸ್ತ್ರೀ. ಹೊಡೆದ್ಮೇಲೆ ಈ ಬಣ್ಣ ಬೇಕು ಅಂದ್ರೆ ಎಲ್ಲಿಂದ ತರ್ತೀರಿ?"

ಮಾವ ಆಗಲ್ಲ ಅನ್ನಲು ಬಾಯಿ ತೆರೆದಿದ್ದರು. ನಾನು ಮೇಲಿನಿಂದಲೇ, "ಮಾವ ಮಾಡ್ಕೊಡ್ತಾರೆ ಮೇಡಂ, ಬಿಟ್ಟುಹೋಗಿ" ಅಂದುಬಿಟ್ಟೆ. ಶೆಡ್ಡಿನ ವಿಷಯದಲ್ಲಿ ಅವರ ಪರವಾಗಿ ಅತ್ತೆ ಕೂಡ ಎಂದೂ ಮಾತು ಕೊಟ್ಟವರಲ್ಲ. ಆ ಸಂಜೆಯೆಲ್ಲ ಮಾವ ನನ್ನ ಜೊತೆ ಮಾತಾಡಲಿಲ್ಲ. ಬೆಳಿಗ್ಗೆ ಮಾತ್ರ ಕುರ್ಚಿ ಖಾಲಿಯಿತ್ತು.

ಆಮೇಲೆ ನನ್ನ ಸಾಮಾನುಗಳು ಒಂದೊಂದಾಗಿ ಮಾಯವಾಗತೊಡಗಿದವು. ಮಗುವಿನ ಹಳೇ ಲಂಗೋಟಿಗಳಷ್ಟು ಮೆತ್ತನೆ ಬಟ್ಟೆ ಬೇರೆ ಸಿಗಲ್ಲವಂತೆ. ಕಿವಿಗೆ ಹಾಕುವ ಹತ್ತಿಕಡ್ಡಿಗಳು ಕಾರಿನ ಹೆಸರಿನ ಅಕ್ಷರಗಳ ಸಂದಿಗೆ ಹೋದವು. ಮಾವ ಕಾರಿನ ಅಡಿಯಲ್ಲಿ ಮಲಗಿ ತುಕ್ಕಿನ ಚುಕ್ಕೆಗಳನ್ನು ಹುಡುಕಿ ಅಲ್ಲಲ್ಲೇ ಔಷಧಿ ಹಚ್ಚಿದರು, ಸೀಟಿನ ಹರಿದ ಹೊಲಿಗೆಯನ್ನು ಅದೇ ತೂತುಗಳಲ್ಲಿ ದಾರ ಪೋಣಿಸಿ ಹೊಲಿದರು, ಬಣ್ಣದ ಮೇಲೆ ತೆಳ್ಳಗೆ ಮೇಣ ಸವರಿದರು. ಇದು ಕೆಲಸವಲ್ಲ, ಬಾಣಂತನ ಅಂತ ಗೊಣಗುತ್ತಲೇ ಮಾಡಿದರು. ಆದರೂ ಊಟದ ಹೊತ್ತಿಗೆ ಯಾರೂ ಕೇಳದೆಯೇ, ಇವತ್ತು ಎಡಗಡೆ ಬಾಗಿಲು ಮುಗೀತು ಅನ್ನುತ್ತಿದ್ದರು. ತಟ್ಟೆಯೂ ಖಾಲಿಯಾಗುತ್ತಿತ್ತು. ನನಗೆ ಜೀವ ಸ್ವಲ್ಪ ಬಂತು.

ಅಷ್ಟರಲ್ಲಿ ಎಡವಟ್ಟಾಯಿತು. ಮಡ್‌ಗಾರ್ಡು ಒರೆಸುತ್ತಿದ್ದ ಕೈ, ತಾನಾಗಿಯೇ ಪಾಲಿಶ್ ಡಬ್ಬಿಗೆ ಹೋಗಿದೆ. ತಿಕ್ಕುವುದು ಆ ಕೈಗೆ ನಡೆದಷ್ಟೇ ಸಲೀಸು, ಮನಸ್ಸನ್ನು ಕೇಳುವುದಿಲ್ಲ. ಎಚ್ಚರವಾಗುವಷ್ಟರಲ್ಲಿ ಅಂಗೈಯಗಲ ಜಾಗ ಥಳಥಳ ಅನ್ನುತ್ತಿತ್ತು. ಇಡೀ ಕಾರು ಮಂಕು, ಅದೊಂದು ಜಾಗ ಮಾತ್ರ ಬಾಯಲ್ಲಿ ಚಿನ್ನದ ಹಲ್ಲು ಕಟ್ಟಿಸಿದ ಹಾಗೆ. ಮಾವ ಅದನ್ನು ಮಂಕು ಮಾಡಲು ಸುಣ್ಣದ ಪುಡಿ ಸವರಿದರು, ಬೂದಿ ಸವರಿದರು, ಬಿಸಿಲಿಗೆ ನಿಲ್ಲಿಸಿದರು. ಏನೂ ಆಗಲಿಲ್ಲ. ಜೀವಮಾನವಿಡೀ ಹೊಳಪು ಬರಿಸಿದವರು ಈಗ ಹೊಳಪು ಹೋಗಲಿ ಅಂತ ತಪಸ್ಸಿಗೆ ಕೂತಿದ್ದಾರೆ ಅಂತ ಅತ್ತೆ ನಕ್ಕರು. ಮಾವ ನಗಲಿಲ್ಲ. ಮಡ್‌ಗಾರ್ಡಿಗೆ ಅದೇ ಮಂಕು ಬಣ್ಣ ಕಲೆಸಿ ಒಂದೇ ಒಂದು ಕೋಟು ಹೊಡೆದುಬಿಟ್ಟರೆ ದೇವರಿಗೂ ಗೊತ್ತಾಗಲ್ಲ ಅಂದರು.

ಒಂದೇ ಒಂದು ಕೋಟು. ಆ ಮಾತು ನನ್ನ ತಲೆ ಹೊಕ್ಕು ಕೂತಿತು. ಒಂದು ಕೋಟಿಗೆ ಕೈ ಹಾಕಿದವರು ಅಲ್ಲಿಗೇ ನಿಲ್ಲಿಸುತ್ತಾರೆಯೇ? ಗಂಡನಿಗೆ ಹೇಳಿದರೆ, ಅಪ್ಪ ಏನು ಮಗುವಾ ಅಂದರು. ಹೆಡ್‌ಮಿಸ್ಟ್ರೆಸ್ಸು ಕಾರು ನೋಡಲು ಬರುವುದು ಮಾರನೇ ದಿನ. ಮಧ್ಯಾಹ್ನ ಮಗುವನ್ನು ತಟ್ಟಿ ಮಲಗಿಸುತ್ತಿದ್ದೆ, ಕೆಳಗೆ ಕಂಪ್ರೆಸರ್ ಗುಡುಗುಟ್ಟತೊಡಗಿತು. ಸ್ಪ್ರೇ ಗನ್ನಿಗೆ ಗಾಳಿ ತುಂಬುವ ಯಂತ್ರ ಅದು. ಡಾಕ್ಟರು ಹೇಳಿದಂದಿನಿಂದ ಅದರ ಸದ್ದೇ ನಿಂತಿತ್ತು. ಅತ್ತೆ, ಪಾಪು ನೋಡ್ಕೊಳ್ಳಿ ಅಂದವಳೇ ಚಪ್ಪಲಿ ಕೂಡ ಹಾಕಿಕೊಳ್ಳದೆ ಮೆಟ್ಟಿಲು ಇಳಿದೆ. ಬಾಗಿಲಲ್ಲಿ ಮೂಗು ಸೆರಗಿನಿಂದ ಮುಚ್ಚಿಕೊಂಡೆ.

ತಿನ್ನರ್ ವಾಸನೆ ಇರಲಿಲ್ಲ. ಮಾವ ನೆಲದ ಮೇಲೆ ಕೂತು, ಕಾರಿನ ಬಾಗಿಲ ಕೆಳಗಿನ ತೂತಿಗೆ ಗಾಳಿಯ ಪೈಪು ಹಿಡಿದಿದ್ದರು. ಇನ್ನೊಂದು ತೂತಿನಿಂದ ಕೆಸರು ನೀರು ಚಿಮ್ಮಿ ಅವರ ಪಂಚೆಯೆಲ್ಲ ರಾಡಿ.

"ಯಾಕಮ್ಮಾ, ಮನೆಗೆ ಬೆಂಕಿ ಬಿತ್ತಾ?"

ಗನ್ ಎಲ್ಲಿ ಅಂತ ಕೇಳಿದೆ. ಅವರು ಗೋಡೆ ತೋರಿಸಿದರು, ಮೊಳೆಯಲ್ಲಿ ನೇತಾಡುತ್ತಿತ್ತು. ಬಾಗಿಲ ಒಳಗೆ ಸೇರಿಕೊಂಡ ಮಣ್ಣು, ಮಳೆನೀರು ಇಳಿದುಹೋಗುವ ಆ ತೂತು ಮುಚ್ಚುತ್ತದಂತೆ, ನೀರು ನಿಂತು ತಗಡು ಒಳಗಿನಿಂದ ಕೊಳೆಯುತ್ತದಂತೆ. ತೊಳೆದಿದ್ದರು, ಈಗ ಗಾಳಿ ಊದಿ ಒಣಗಿಸುತ್ತಿದ್ದರು. ನಾನು ಅಲ್ಲೇ ಒಂದು ಟೈರಿನ ಮೇಲೆ ಕೂತುಬಿಟ್ಟೆ. ಕಂಪ್ರೆಸರ್ ನಿಲ್ಲಿಸಿ ಮಾವ, ಬಣ್ಣ ಬೆಳಿಗ್ಗೆಯೇ ಕಲೆಸಿದ್ದೆ ಅಂದರು, ಮೆಲ್ಲಗೆ.

"ಮ್ಯಾಚೂ ಆಗಿತ್ತು. ಹೊಡೆದಿದ್ರೆ ನನ್ನ ತಪ್ಪು ಮುಚ್ಚಿಹೋಗ್ತಿತ್ತು. ಅದ್ರ ಜೊತೆಗೆ ಅವ್ರ ಕಾರೂ ಮುಚ್ಚಿಹೋಗ್ತಿತ್ತು. ಬೈಸ್ಕೋತೀನಿ ಬಿಡು."

ಮಾರನೇ ದಿನ ಹೆಡ್‌ಮಿಸ್ಟ್ರೆಸ್ಸು ಕಾರನ್ನು ಒಂದು ಸುತ್ತು ಹಾಕುವಾಗ, ಮಾವ ಹೋಂವರ್ಕ್ ಮಾಡದ ಹುಡುಗನ ಹಾಗೆ ಕೈಕಟ್ಟಿಕೊಂಡು ಹಿಂದೆಹಿಂದೆಯೇ ನಡೆದರು. ಕಿಟಕಿಯಂಚಿನ ಸವೆತಕ್ಕೆ ಆಕೆ ಮೊಣಕೈ ಊರಿ ನೋಡಿದರು. ಬಾಗಿಲು ತೆರೆದು ಒಳಗಿನ ಗಾಳಿ ಎಳೆದುಕೊಂಡರು. ಮಡ್‌ಗಾರ್ಡಿನ ಹತ್ತಿರ ಬರುತ್ತಿದ್ದಂತೆ ಮಾವ ತಾವೇ ಹೇಳಿಬಿಟ್ಟರು, ಅಭ್ಯಾಸದ ಕೈ ಮೇಡಂ, ಇಲ್ಲಿ ತಪ್ಪಾಯ್ತು. ಆಕೆ ಕನ್ನಡಕ ಏರಿಸಿ ಬಗ್ಗಿದರು. ಕಾರು ಇವತ್ತೇ ವಾಪಸ್ ಹೋಯಿತು ಅಂದುಕೊಂಡೆ ನಾನು. ಮಾವ ಮತ್ತೆ ಕುರ್ಚಿಗೆ.

"ತಂದ ದಿನ ಬಣ್ಣ ಹೀಗಿತ್ತು ಅನ್ನೋದೇ ನಂಗೆ ಮರ್ತುಹೋಗಿತ್ತು ಮೇಸ್ತ್ರೀ," ಅಂದರು ಆಕೆ. ಆ ಜಾಗವನ್ನು ಬೆರಳಿನಿಂದ ಒಮ್ಮೆ ಸವರಿದರು. "ಇದಿಷ್ಟು ಇರ್ಲಿ. ಇದಕ್ಕಿಂತ ಮುಂದೆ ಹೋದ್ರೆ ಬೆಂಚ್ ಮೇಲೆ ನಿಲ್ಲಿಸ್ತೀನಿ."

ಕಾರಿನ ಕೆಲಸ ಮಾವನ ಕೈಯಲ್ಲೇ ಉಳಿಯಿತು. ಪ್ರತಿ ತಿಂಗಳೂ ತಂದು ತೋರಿಸುತ್ತಾರಂತೆ. ಅವರ ಪರಿಚಯದ ಒಬ್ಬರು ವಕೀಲರ ಬಳಿ ಇಂಥದೇ ಇನ್ನೊಂದಿದೆಯಂತೆ, ಅದನ್ನೂ ಕಳಿಸುತ್ತಾರಂತೆ. ರಾತ್ರಿ ಊಟಕ್ಕೆ ಕೂತ ಮಾವ, ಆಕೆಯ ದರ್ಬಾರನ್ನು ಬೈಯಲು ಶುರುಮಾಡಿದರು. ಕಾರಿನ ಮೇಲೆ ಹೊದಿಸುವ ಬಟ್ಟೆ ಯಾವುದಿರಬೇಕು, ಯಾವ ಕಡೆಗೆ ಮುಖ ಮಾಡಿ ನಿಲ್ಲಿಸಬೇಕು ಅಂತೆಲ್ಲ ನನಗೇ ಪಾಠ ಹೇಳ್ತಾರೆ ಅಂತ ಒಂದೇ ಸಮನೆ ದೂರಿದರು. ಮೊಮ್ಮಗಳು ಅವರ ತೊಡೆಯ ಮೇಲೆ ಕೂತು ತಟ್ಟೆಗೆ ಕೈ ಹಾಕುತ್ತಿದ್ದಳು. ಅತ್ತೆ, ಸಾಕು ನಿಲ್ಲಿಸಿ, ತಣ್ಣಗಾಗ್ತಿದೆ ಅಂದರು. ನಿಲ್ಲಿಸಲಿಲ್ಲ. ಅಷ್ಟುದ್ದ ಬೈಗುಳದ ನಡುವೆ ಮಾವ ಒಮ್ಮೆಯೂ ಕೆಮ್ಮಲಿಲ್ಲ. ನಾನು ಇನ್ನೊಂದು ಸೌಟು ಬಡಿಸಿ, ಆಮೇಲೆ ಏನಂದರು ಅಂತ ಕೇಳಿದೆ.