ಕೊಕ್ಕರೆಯ ನಡಿಗೆ

ಲಾಂಡ್ರಿಯಲ್ಲಿ ಅವನನ್ನು ಎಲ್ಲರೂ ಕೊಕ್ಕರೆ ಎಂದೇ ಕರೆಯುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಎದುರಿಗೇ. ಅವನಿಗೂ ಬೇಸರವಿರಲಿಲ್ಲ. ಆಸ್ಪತ್ರೆಯ ಚಾದರ, ಹೋಟೆಲಿನ ಮೇಜುಬಟ್ಟೆಗಳನ್ನು ಒಗೆದು ಇಸ್ತ್ರಿ ಮಾಡಿ ಕಳಿಸುವ ದೊಡ್ಡ ಲಾಂಡ್ರಿ ಅದು. ಇಪ್ಪತ್ತೆರಡು ವರ್ಷದಿಂದ ಅಲ್ಲಿ ಅವನದು ಇಸ್ತ್ರಿ ಕೆಲಸ. ನಡೆಯುವಾಗ ನಾಲ್ಕು ಹೆಜ್ಜೆ ಎಲ್ಲರಂತೆ ಇಡುವನು, ಐದನೆಯದಕ್ಕೆ ಕತ್ತು ಬಗ್ಗಿಸುವನು, ಆರನೆಯದಕ್ಕೆ ಬಲಗಾಲನ್ನು ಮೊಣಕಾಲುದ್ದ ಎತ್ತಿ ಮುಂದಿಡುವನು. ಬೀದಿಯಲ್ಲೂ ಇದೇ ನಡಿಗೆ. ತರಕಾರಿಗೆ ಹೋದರೆ, ತಲೆಯ ಮೇಲೆ ಬರೀ ಆಕಾಶವಿದ್ದರೂ ಬಗ್ಗುವನು. ಹುಟ್ಟಿದಾಗಿನಿಂದ ಹಾಗೇ ಇರಬೇಕು ಎಂದು ನೆರೆಯವರು ಅಂದುಕೊಂಡಿದ್ದರು. ಮದುವೆಯಾದ ಹೊಸತರಲ್ಲಿ ಅವನು ನೆಟ್ಟಗೆ ನಡೆಯುತ್ತಿದ್ದುದು ಹೆಂಡತಿಗೆ ಮಾತ್ರ ನೆನಪಿತ್ತು.

ಅವನ ಮಗಳಿಗೆ ಅದೇ ಲಾಂಡ್ರಿಯಲ್ಲಿ ಬಟ್ಟೆ ಮಡಚುವ ಕೆಲಸ ಸಿಕ್ಕಿತು. ಸೋಮವಾರದಿಂದ ಬರಬೇಕು. ಹುಡುಗಿ ಅಪ್ಪನಿಗಿಂತ ನಾಲ್ಕು ಬೆರಳು ಎತ್ತರ. ನಡೆಯುವಾಗ ಕಣ್ಣು ಎಲ್ಲೋ ದೂರದಲ್ಲಿ, ಕಾಲು ಎಲ್ಲೆಂದರಲ್ಲಿ. ಮನೆಯ ಹೊಸ್ತಿಲನ್ನೇ ವಾರಕ್ಕೆರಡು ಸಲ ಎಡವುವವಳು. ಇವಳು ಆ ಬಿಸಿ, ಆ ಹಬೆಯ ಮಧ್ಯೆ ಮೈಕೈ ಸುಟ್ಟುಕೊಳ್ಳದೆ ಹೇಗಿರುತ್ತಾಳೆ ಎಂದು ಅಪ್ಪನಿಗೆ ಊಟ ಸೇರುತ್ತಿರಲಿಲ್ಲ.

ಆ ವಾರವೇ ಲಾಂಡ್ರಿಯ ಯಜಮಾನಿ ಅವನ ಕೈಗೆ ಒಂದು ಹಾಳೆ ಕೊಟ್ಟಳು. "ನಿಮಗಿಂತ ಹಳಬರು ಇಲ್ಲಿ ಯಾರೂ ಇಲ್ಲ. ಎಲ್ಲೆಲ್ಲಿ ಪೆಟ್ಟಾಗೋ ಹಾಗಿದೆ ನೋಡಿ ಬರೆದುಕೊಡಿ. ರಿಪೇರಿಯವರು ಶನಿವಾರ ಒಂದೇ ದಿನ ಬರೋದು, ಆಮೇಲೆ ಕೈಗೆ ಸಿಗೋದಿಲ್ಲ."

ಕೊಕ್ಕರೆ ಒಂದಿಡೀ ದಿನ ಲಾಂಡ್ರಿ ಸುತ್ತಿದ. ಬಾಯ್ಲರಿನಿಂದ ಇಸ್ತ್ರಿ ಮೇಜಿನವರೆಗೆ, ಇಸ್ತ್ರಿ ಮೇಜಿನಿಂದ ಬಾಗಿಲಿನವರೆಗೆ ಮೂರು ಸಲ ನಡೆದ. ಗುರುವಾರ ಸಂಜೆ ಮನೆಗೆ ಬಂದು ಹಾಳೆ ತೋರಿಸಿದ. ಅದರಲ್ಲಿ ಎರಡೇ ಮಾತು: 'ಏನೂ ಇಲ್ಲ.'

"ಅಂತೂ ಗೆದ್ದೆ," ಎಂದು ಕಾಲು ಚಾಚಿ ಕೂತ. "ಮಗಳು ಕಣ್ಣು ಮುಚ್ಚಿಕೊಂಡು ಓಡಾಡಬಹುದು."

ಹೆಂಡತಿ ಹಾಳೆ ನೋಡಿದಳು, ಗಂಡನನ್ನು ನೋಡಿದಳು. "ಏನೂ ಇಲ್ದೇ ಇದ್ರೆ ತರಕಾರಿ ಅಂಗಡಿ ಮುಂದೆ ಯಾರಿಗೆ ತಲೆ ಬಗ್ಗಿಸ್ತೀರಿ? ಬದನೆಕಾಯಿಗಾ?"

"ನಾನೆಲ್ಲಿ ಬಗ್ಗಿಸ್ತೀನೇ?"

ತಾಯಿ ಮಗಳು ಮುಖಮುಖ ನೋಡಿಕೊಂಡರು. ಮರುದಿನ ಬೆಳಿಗ್ಗೆ ಮಗಳು ಅಮ್ಮನ ಹೊಲಿಗೆ ಡಬ್ಬಿಯಿಂದ ಸೀಮೆಸುಣ್ಣ ತೆಗೆದುಕೊಂಡು ಅಪ್ಪನ ಹಿಂದೆ ಲಾಂಡ್ರಿಗೆ ಹೊರಟಳು.

"ನೀನು ದಿನಾ ನಡೆಯೋ ಹಾಗೆ ನಡಿ ಅಪ್ಪ. ನನ್ನ ಕಡೆ ನೋಡ್ಬೇಡ."

ಅವನು ನಡೆದ. ಐದನೆಯ ಹೆಜ್ಜೆಗೆ ಕತ್ತು ಬಗ್ಗಿತು. ಮಗಳು ತಲೆ ಎತ್ತಿ ನೋಡಿದಳು. ಅಲ್ಲಿ ಹಬೆಯ ಪೈಪು ಅಡ್ಡಲಾಗಿ ಹೋಗಿತ್ತು. ಅವನಿಗೆ ಹಣೆಯ ಮಟ್ಟ, ಇವಳಿಗೆ ಸರಿಯಾಗಿ ಮೂಗಿನ ಮಟ್ಟ. ಒಂದು ಗುರುತು ಹಾಕಿದಳು. ಆರನೆಯದಕ್ಕೆ ಕಾಲು ಮೇಲೆದ್ದಿತು. ಕೆಳಗೆ ಮುಚ್ಚಳ ಸರಿದಿದ್ದ ಮೋರಿ. ಇನ್ನೊಂದು ಗುರುತು. ಬಟ್ಟೆ ಹಿಂಡುವ ಯಂತ್ರದ ಹತ್ತಿರ ಹೊಟ್ಟೆ ಎಳೆದುಕೊಂಡು ಅಡ್ಡಡ್ಡಲಾಗಿ ದಾಟಿದ. ಯಂತ್ರದ ಚಕ್ರಕ್ಕೆ ಮರೆಯೇ ಇರಲಿಲ್ಲ.

"ಇಲ್ಲಿ ಯಾಕೆ ಅಡ್ಡಡ್ಡ ಹೋದೆ?"

"ದಾರಿ ಇರೋದೇ ಹಾಗಲ್ವೇನಮ್ಮ."

ಬಟ್ಟೆ ಒಗೆಯುವ ಅಕ್ಕ ಇದನ್ನೆಲ್ಲ ನೋಡಿ ಬಿದ್ದು ಬಿದ್ದು ನಕ್ಕಳು. "ಏನ್ ಕೊಕ್ಕರೆ, ಡ್ಯಾನ್ಸ್ ಕಲಿಸ್ತಿದೀಯಾ?" ಎನ್ನುತ್ತಲೇ ಕಾಲಿನ ರಬ್ಬರ್ ಚಪ್ಪಲಿ ತೆಗೆದು, ಅದರಿಂದ ಯಂತ್ರದ ಗುಂಡಿ ಒತ್ತಿ, ಚಪ್ಪಲಿಯನ್ನು ಮತ್ತೆ ಕಾಲಿಗೆ ಹಾಕಿಕೊಂಡಳು. ಮಗಳು ಅವಳ ಗುಂಡಿಗೂ ಗುರುತು ಹಾಕಿದಾಗ ನಗು ಅರ್ಧಕ್ಕೇ ನಿಂತಿತು.

ಮಧ್ಯಾಹ್ನದ ಹೊತ್ತಿಗೆ ಹದಿನೇಳು ಗುರುತು. ಕೊಕ್ಕರೆ ಒಂದೊಂದರ ಮುಂದೆಯೂ ನಿಂತು, ಯಾರೋ ರಾತ್ರೋರಾತ್ರಿ ತಂದಿಟ್ಟು ಹೋದ ಸಾಮಾನು ನೋಡುವವನಂತೆ ನೋಡಿದ. ಎಲ್ಲವೂ ಅವನ ಕೈಕಾಲಿಗೆ ಗೊತ್ತಿದ್ದವು. ಅವನಿಗೆ ಮಾತ್ರ ಯಾರೂ ಹೇಳಿರಲಿಲ್ಲ. 'ಏನೂ ಇಲ್ಲ' ಎಂಬುದನ್ನು ಹೊಡೆದು ಹಾಕಿ, ಹಾಳೆಯ ಎರಡೂ ಬದಿ ತುಂಬಿಸಿ ಯಜಮಾನಿಗೆ ಕೊಟ್ಟ.

ಸಂಜೆ ಅಡುಗೆಮನೆಯಲ್ಲಿ ಹೆಂಡತಿ ಈ ಕಥೆಯನ್ನೆಲ್ಲ ಕೇಳಿ, "ಗಂಡಸರಿಗೆ ಮೂಗಿನ ಕೆಳಗಿದ್ದದ್ದು ಕಾಣಿಸೋದೇ ಇಲ್ಲ," ಎಂದು ಮರದ ಸೌಟಿನ ಹಿಡಿಯಿಂದ ದೀಪದ ಸ್ವಿಚ್ಚು ಒತ್ತಿದಳು.

ಮಗಳು ಎದ್ದು ಹೋಗಿ ಸ್ವಿಚ್ಚಿನ ಪಕ್ಕ ಗುರುತು ಹಾಕಿದಳು.

"ಅದೇನೂ ಮಾಡಲ್ಲ ಕಣೇ. ಮುಟ್ಟಿದ್ರೆ ಸ್ವಲ್ಪ ಜುಮ್ ಅನ್ನುತ್ತೆ, ಅಷ್ಟೆ. ಒಂಬತ್ತು ವರ್ಷದಿಂದ ಹಾಗೇ ಇದೆ," ಎಂದ ಹೆಂಡತಿ ನಾಲಿಗೆ ಕಚ್ಚಿಕೊಂಡಳು. ಆ ವಾರದಲ್ಲಿ ಮೊದಲ ಸಲ ಕೊಕ್ಕರೆ ಹೊಟ್ಟೆತುಂಬ ಉಂಡ.

ಶನಿವಾರ ರಿಪೇರಿಯವರು ಪೈಪನ್ನು ಮೇಲಕ್ಕೇರಿಸಿದರು, ಮೋರಿಗೆ ಹೊಸ ಮುಚ್ಚಳ ಕೂರಿಸಿದರು, ಚಕ್ರಕ್ಕೆ ಜಾಲರಿ, ಗುಂಡಿಗೆ ಹೊಸ ತಂತಿ, ಹೀಗೆ ಹದಿನೇಳನ್ನೂ ಸರಿಪಡಿಸಿದರು. ಸೋಮವಾರ ಮಗಳು ನೆಟ್ಟಗೆ ನಡೆದು ಮೇಜು ಸೇರಿದಳು. ಅಪ್ಪ ದೂರದಿಂದಲೇ ನೋಡಿ ನೆಮ್ಮದಿಯ ಉಸಿರು ಬಿಟ್ಟ.

ಆದರೆ ಕತ್ತಿಗೆ ಯಾರು ಹೇಳಬೇಕು? ಐದನೆಯ ಹೆಜ್ಜೆಗೆ ಅದು ಬಗ್ಗಿಯೇ ಬಗ್ಗಿತು. ಹಿಂದೆ ಬುಟ್ಟಿ ಹೊತ್ತು ಬರುತ್ತಿದ್ದ ಅಕ್ಕ ಅವನಿಗೆ ಡಿಕ್ಕಿ ಹೊಡೆದಳು. ಒದ್ದೆ ಚಾದರಗಳೆಲ್ಲ ನೆಲದ ಪಾಲು. ಹನ್ನೊಂದು ಗಂಟೆಗೆ, ಗದ್ದದವರೆಗೆ ಮಡಚಿದ ಬಟ್ಟೆ ಹೊತ್ತು ಮಗಳು ಅವನ ಹಿಂದೆಯೇ ಬಂದಳು. ಅವನು ಇಲ್ಲದ ಪೈಪಿಗೆ ಬಗ್ಗಿದ, ಮುಚ್ಚಿದ ಮೋರಿಯನ್ನು ಕಾಲೆತ್ತಿ ದಾಟಿದ, ತಟಕ್ಕನೆ ತಲೆ ಎತ್ತಿದ. ಪೈಪಿನಿಂದ ಪಾರಾಗಿದ್ದ ಮಗಳ ಮೂಗಿಗೆ ಅಪ್ಪನ ಹಿಂದಲೆ ಬಡಿಯಿತು.

"ಅಯ್ಯೋ, ಪೆಟ್ಟಾಯ್ತಾ?"

"ಮೂಗು ಇದೆ, ಇರು." ಮಗಳು ಬಟ್ಟೆ ಕೆಳಗಿಟ್ಟು, ಒಂದು ಕೈಯಲ್ಲಿ ಮೂಗು ಹಿಡಿದು, ಇನ್ನೊಂದು ಕೈಯಿಂದ ಜೇಬು ತಡಕಿದಳು. "ತಿರುಗಿ ನಿಲ್ಲು ಅಪ್ಪ. ಒಂದು ಬಿಟ್ಟುಹೋಗಿತ್ತು."

ಅವನು ತಿರುಗಿ ನಿಂತ. ಅವಳು ಅಂಗಿಯ ಬೆನ್ನಿನ ಮೇಲೆ ದೊಡ್ಡದೊಂದು ಗುರುತು ಎಳೆದಳು. ಆಮೇಲೆ ಅವನ ಹಿಂದೆ ಬರುವವರೆಲ್ಲ ನಾಲ್ಕು ಮಾರು ದೂರದಲ್ಲೇ ಬಂದರು.

ಸಂಜೆ ಅವನು ಅದೇ ಅಂಗಿಯಲ್ಲಿ ಮನೆಗೆ ಹೋದ. ಹೆಂಡತಿ ಬೆನ್ನು ನೋಡಿದಳು, ಮಗಳ ಊದಿದ ಮೂಗು ನೋಡಿದಳು.

"ಇದನ್ನ ಮದುವೆ ದಿನವೇ ಯಾರಾದ್ರೂ ಹಾಕಿದ್ರೆ," ಎಂದಳು, "ನಾನು ಬೇರೆ ದಾರಿ ನೋಡ್ಕೋತಿದ್ದೆ."