ಇವರ ಹೊಟ್ಟೆಯ ಡೆಮೊ

ನಮ್ಮನೆಯವರ ಹೊಟ್ಟೆಯನ್ನು ನನಗಿಂತ ಹೆಚ್ಚಾಗಿ ಊರಿನ ಡಾಕ್ಟರುಗಳೇ ನೋಡಿದ್ದಾರೆ. ಮಾನ ಹೋಗುವ ಮಾತೇನಲ್ಲ, ಹೊಟ್ಟೆಪಾಡು. ಇವರು ಸ್ಕ್ಯಾನಿಂಗ್ ಮಷಿನ್ ಮಾರುವವರು. ಹೋದಲ್ಲೆಲ್ಲ ಶರ್ಟು ಮೇಲೆತ್ತಿ, ಜೆಲ್ ಬಳಿದುಕೊಂಡು, ಮೈಮೇಲೆ ಆಡಿಸುವ ಪ್ರೋಬು ಹಿಡಿದು ತಾವೇ ಮಲಗಿಬಿಡುತ್ತಾರೆ. "ಇದು ನನ್ನ ಕಿಡ್ನಿ, ನೋಡಿ ಎಷ್ಟು ಕ್ಲಿಯರ್ರು! ದಪ್ಪ ಹೊಟ್ಟೆಗೆ ಈ ಪ್ರೋಬು, ಆಳಕ್ಕೆ ಹೋಗತ್ತೆ. ಕತ್ತಿಗೆ ಆ ಪ್ರೋಬು, ಆಳಕ್ಕೆ ಹೋಗಲ್ಲ, ಆದ್ರೆ ಕೂದಲೆಳೆನೂ ಬಿಡಲ್ಲ." ಕಿಡ್ನಿಯನ್ನು ಹೊಗಳುವ ಸೊಗಸು ನೋಡಬೇಕು! ಮದುವೆಯಾಗಿ ಹತ್ತೊಂಬತ್ತು ವರ್ಷವಾಯಿತು, ನನ್ನನ್ನು ಒಂದು ದಿನವೂ ಹಾಗೆ ಹೊಗಳಿದವರಲ್ಲ.

ಪಿತ್ತಕೋಶವನ್ನು ಮಾತ್ರ ತೋರಿಸುತ್ತಿರಲಿಲ್ಲ. ಅದು ತುಂಬಿಕೊಂಡು ಚೆನ್ನಾಗಿ ಕಾಣುವುದು ಖಾಲಿ ಹೊಟ್ಟೆಯಲ್ಲಿ, ತಿಂದರೆ ಮುದುರಿಕೊಳ್ಳುತ್ತದೆ. ಇವರೋ, ತಿಂಡಿ ತಿನ್ನದೆ ಹೊಸ್ತಿಲು ದಾಟುವ ಪೈಕಿಯಲ್ಲ.

ಮೂರು ವಾರದಿಂದ ಬಲಪಕ್ಕೆ ಹಿಡಿದುಕೊಂಡು ಓಡಾಡುತ್ತಿದ್ದರು. "ತೋರಿಸ್ಕೊಳ್ರೀ" ಅಂದರೆ "ಗ್ಯಾಸು ಕಣೇ" ಅನ್ನೋರು. ಗ್ಯಾಸಂತೆ ಗ್ಯಾಸು! ಆಪರೇಷನ್ ಅಂದರೆ ಸಾಕು, ಇವರಿಗೆ ಕೈಕಾಲು ತಣ್ಣಗಾಗುತ್ತದೆ. ಅದು ನನಗೆ ಗೊತ್ತಿಲ್ಲವೇ? ದಿನಾ ಒಳಗೊಳಗೇ ಭಯಪಡುತ್ತಿದ್ದೆ.

ಆ ಬುಧವಾರ ಇವರು ಡೆಮೊಗೆ ಬಂದದ್ದು ನಾನು ರೋಗಿಗಳ ಹೆಸರು ಕೇಳಿ ಚೀಟಿ ಬರೆಯುವ ಕ್ಲಿನಿಕ್ಕಿಗೇ. ನೋವು ಜಾಸ್ತಿಯಾಗಿ ತಿಂಡಿ ಬಿಟ್ಟಿದ್ದರು. ನಮ್ಮ ಡಾಕ್ಟರಮ್ಮ ಬಲು ಖಡಕ್ಕು. ಕಿಡ್ನಿಪುರಾಣ ಮುಗಿಯುವ ಮೊದಲೇ, "ಅದಿರಲಿ, ಪಿತ್ತಕೋಶ ತೋರಿಸಿ" ಅಂದರು. ನಾನು ಚೀಟಿ ಬಿಟ್ಟು ಬಾಗಿಲಿಗೆ ಬಂದು ನಿಂತೆ.

ಇವರು ತಮ್ಮ ಪಕ್ಕೆಲುಬಿನ ಕೆಳಗೆ ಪ್ರೋಬ್ ಇಟ್ಟರು. ಪರದೆಯಲ್ಲಿ ಕಪ್ಪು ಚೀಲ. ಅದರೊಳಗೆ ಕಡಲೆಕಾಳಿನಂಥ ಬಿಳಿ ಉಂಡೆ, ಉಂಡೆಯ ಹಿಂದೆ ಉದ್ದನೆಯ ಕಪ್ಪು ನೆರಳು.

"ಕಲ್ಲು," ಅಂದರು ಡಾಕ್ಟರಮ್ಮ.

"ಇಲ್ಲ ಮೇಡಂ, ಇದು... ಮಷಿನ್ದೇ ಏನೋ ಮಿಸ್ಟೇಕು."

ಅಯ್ಯೋ ನನ್ನ ಕರ್ಮವೇ! ಹದಿನಾಲ್ಕು ವರ್ಷದ ಕೆಲಸದಲ್ಲಿ ಇವರ ಬಾಯಲ್ಲಿ ಮಷಿನ್ ಮೇಲೆ ದೂರು ಬಂದದ್ದು ಇದೇ ಮೊದಲು. ಡಾಕ್ಟರಮ್ಮ ಆರ್ಡರ್ ಫಾರಂ ಪಕ್ಕಕ್ಕೆ ಸರಿಸಿದರು. "ಇಲ್ಲದ ಕಲ್ಲು ತೋರಿಸೋ ಮಷಿನ್ ನನಗ್ಯಾಕೆ?"

ಇವರ ಮುಖ ಹುಳ್ಳಗಾಯಿತು. ಕಲ್ಲು ಸುಳ್ಳು ಅಂದರೆ ಮಷಿನ್ ಹೋಯಿತು, ನಿಜ ಅಂದರೆ ಹೊಟ್ಟೆಗೆ ಕತ್ತರಿ. ಅತ್ತ ದರಿ, ಇತ್ತ ಪುಲಿ. ನನಗೆ ತಡೆಯಲಾಗಲಿಲ್ಲ.

"ಕಲ್ಲಾದ್ರೆ ಮಗ್ಗುಲಾದಾಗ ಉರುಳತ್ತೆ ಅಂತ ಊರಿಗೆಲ್ಲ ಪಾಠ ಹೇಳ್ತೀರಲ್ಲ? ಹೊರಳ್ರೀ!" ಅಂತ ಬಾಗಿಲಿಂದಲೇ ಗದರಿದೆ.

ನನ್ನ ಮುಖ ನೋಡಿದರು. ಪರದೆ ನೋಡಿದರು. ಉಸಿರೆಳೆದುಕೊಂಡು ನಿಧಾನಕ್ಕೆ ಎಡಮಗ್ಗುಲಿಗೆ ಹೊರಳಿದರು. ಕಲ್ಲು ಪುಸಕ್ಕನೆ ಜಾರಿ, ನೆರಳನ್ನೂ ಎಳೆದುಕೊಂಡು ಆ ತುದಿಗೆ ಹೋಗಿ ಕೂತಿತು. ಇವರೇ ಗುಂಡಿ ಒತ್ತಿ ಚಿತ್ರ ನಿಲ್ಲಿಸಿದರು. ಇವರೇ ಅಳತೆ ಹಾಕಿದರು.

"ಒಂಬತ್ತು ಮಿಲಿಮೀಟರ್ ಮೇಡಂ," ಅಂದರು. "ಮಷಿನ್ ಸರಿಯಾಗಿದೆ. ಕೆಟ್ಟಿರೋದು ನಾನೇ."

ಡಾಕ್ಟರಮ್ಮ ಮೊದಲು ಸರ್ಜನ್ನಿಗೆ ಚೀಟಿ ಬರೆದರು, ಆಮೇಲೆ ಫಾರಂಗೆ ಸಹಿ ಹಾಕಿದರು. ನನಗೆ ಸಿಟ್ಟು, ಅಳು ಎರಡೂ ಒಟ್ಟಿಗೇ ಬಂತು. ಬಟ್ಟೆ ತಗೊಂಡು ಇವರ ಹೊಟ್ಟೆ ಒರೆಸತೊಡಗಿದೆ. ಆರ್ಡರಿನ ಕಡೆ ಕಣ್ಣೆತ್ತಿಯೂ ನೋಡದೆ, ಜೆಲ್ ಮೆತ್ತಿದ ಕೈಯಲ್ಲೇ ನನ್ನ ಕೈ ಹಿಡಿದುಕೊಂಡರು.

"ತುಂಬ ಹೆದರಿಕೆ ಆಗ್ತಿದೆ ಕಣೇ. ಆಪರೇಷನ್ನಿಗೆ ನೀನೂ ಒಳಗೆ ಬರ್ತೀಯಾ?"

"ಒಳಗೆ ಬಿಡಲ್ಲಾರೀ," ಅಂದೆ. "ಬಾಗಿಲಲ್ಲೇ ಕೂತಿರ್ತೀನಿ. ಎಲ್ಲೂ ಹೋಗಲ್ಲ."